ಕೋವಿಯ ದೋಷಕ್ಕೆ ಹೊಣೆ ಯಾರು?

1799ರಲ್ಲಿ ಶ್ರೀರಂಗಪಟ್ಟಣ ಬೀಳುವ ಮುನ್ನ ಅಲ್ಲಿ ಟಿಪ್ಪು ಸುಲ್ತಾನನ ಕೋವಿ ಕಾರ್ಖಾನೆಗಳಿದ್ದವು. ಉಳಿದುಬಂದಿರುವ ಕೋವಿಗಳನ್ನು ಹತ್ತಿರದಿಂದ ನೋಡಬೇಕು: ಹುಲಿಯ ಅಲಂಕಾರ, 'ಹೈದರ್' ಮುದ್ರೆ, ತಯಾರಾದ 'ಪಟ್ಟಣ'ದ ಹೆಸರು, ಬಲದಿಂದ ಎಡಕ್ಕೆ ಓದುವ, ಮೌಲೂದಿ ಪಂಚಾಂಗದ ವರ್ಷ. ಕೆಲವುಗಳಲ್ಲಿ ಕುಶಲಕರ್ಮಿಯ ಹೆಸರೂ ಇದೆ. ನಳಿಗೆ ಸೀಳಿದರೆ, ಚಾಪು ಕೈಕೊಟ್ಟರೆ ಯಾರನ್ನು ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕೇ?

ಕಾಲ ಬದಲಾಯಿತು. 1878ರ ಶಸ್ತ್ರ ಕಾಯ್ದೆ ಕೋವಿಯನ್ನು ಪರವಾನಗಿಗೆ ಕಟ್ಟಿಹಾಕಿತು. 1959ರ ಕಾಯ್ದೆಯ 5ನೇ ಕಲಮು ತಯಾರಿಕೆ, ಮಾರಾಟದ ಜೊತೆಗೆ ದುರಸ್ತಿ ಮತ್ತು ಪರೀಕ್ಷೆಯನ್ನೂ ಪರವಾನಗಿಯೊಳಗೆ ತಂದಿತು. ಹಾಗಾಗಿ ನೇಗಿಲು ತಟ್ಟಿಕೊಡುವ ಕಮ್ಮಾರ ಎಷ್ಟೇ ನಿಪುಣನಾಗಿದ್ದರೂ ಪರವಾನಗಿಯಿಲ್ಲದೆ ರಿವಾಲ್ವರ್ ರಿಪೇರಿಯ ದಂಧೆ ನಡೆಸುವಂತಿಲ್ಲ.

ಈ ಕಟ್ಟುನಿಟ್ಟು ಸರಿಯೇ. ಸಿಲಿಂಡರಿನ ಗುಂಡಿನ ಮನೆ ನಳಿಗೆಯ ನೇರಕ್ಕೆ ನಿಲ್ಲದಿದ್ದರೆ ಗುಂಡು ಅಂಚಿಗೆ ತಗುಲಿ ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಪಕ್ಕದಲ್ಲಿ ನಿಂತವರಿಗೂ ಅಪಾಯ.

ಹಾಗಾದರೆ ಇಂದು ಕೋವಿಯ ದೋಷಕ್ಕೆ ಯಾರನ್ನು ಕೇಳಬೇಕು? ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಸುಮಾರು 500 ಗ್ರಾಂ ತೂಕದ 'ನಿರ್ಭೀಕ್' ರಿವಾಲ್ವರ್ ಹೊರತಂದಿತು. ಅದಿರಲಿ, ಬೇರೆ ಯಾವುದೇ ಹೊಸ ರಿವಾಲ್ವರ್ ಇರಲಿ, ದೋಷ ಕಂಡರೆ ಕೊಂಡವರು ಮೊದಲು ಗುಂಡು ತೆಗೆದು, ಬಿಲ್ಲು ಮತ್ತು ಪರವಾನಗಿ ಸಮೇತ ಅಧಿಕೃತ ಮಾರಾಟಗಾರರ ಬಳಿಗೆ ಹೋಗಬೇಕು.