ಹಂಡೆಗೆ ಬಾಯಿ ಇತ್ತು, ಗೀಸರಿಗೆ ಬಾಯಿಲ್ಲ

ಚಳಿ ಸುರು ಆತಂದ್ರ ನಮ್ಮ ಓಣಿಯಾಗ ಒಂದ ಮಾತು ಹತ್ತು ಸಲ ಕೇಳ್ತೈತಿ: "ಅಕ್ಕಾರ, ನಮ್ಮ ಗೀಸರ್ ಸೋರಾಕತ್ತೈತ್ರಿ, ಏನ್ ಮಾಡೂನು?" ಕೇಳಿದವರಿಗೆಲ್ಲ ಬಾಯಿಲೆ ಹೇಳೂದಕ್ಕಿಂತ ಬರದು ಇಡೂದು ಚಲೋ ಅನಿಸ್ತು. ಆದ್ರ ಗೀಸರ್ ಯಾಕ ಸೋರ್ತೈತಿ ಅನ್ನೂದು ತಿಳೀಬೇಕಂದ್ರ ಹಂಡೆಯಿಂದ ಸುರು ಮಾಡಬೇಕು. ಬಿಸಿನೀರಿನ ಇತಿಹಾಸ ಅಂದ್ರ ನಮ್ಮ ಹೆಣ್ಮಕ್ಕಳ ಇತಿಹಾಸನ ಐತಿ.

ಅನಗವಾಡಿ, ಬೀಳಗಿ, ಮುಧೋಳ ಸೀಮಿಯ ಹಳೇ ಮನಿಗಳೊಳಗ ಬಚ್ಚಲಾಗ ಒಂದು ಒಲಿ, ಅದರ ಮ್ಯಾಲೆ ಮಣ್ಣಾಗ ಕೂಡಿಸಿದ ತಾಮ್ರದ ಹಂಡೆ ಇರ್ತಿತ್ತು. ಉರುವಲಕ್ಕ ರೊಕ್ಕ ಕೊಡ್ತಿರಲಿಲ್ಲ. ಹೊಲದಾಗಿನ ತೊಗರಿ ಕಟಗಿ, ಹತ್ತಿ ಕಟಗಿ, ಜಾಲಿ ಮುಳ್ಳು, ಕುಳ್ಳು, ಕಬ್ಬು ಬಂದ ಮ್ಯಾಲೆ ರವದಿ. ರೊಕ್ಕ ಇರಲಿಲ್ಲ ಖರೆ, ಆದ್ರ ಅದನ್ನ ಹೊತ್ತು ತರೂದು, ಒಣಗಿಸೂದು, ಮಳಿಗಾಲಕ್ಕ ಒಟ್ಟಿ ಇಡೂದು ಎಲ್ಲಾ ಹೆಂಗಸರ ಕೆಲಸ. ಹೊಳಿಯಿಂದ, ಬಾವಿಯಿಂದ ಕೊಡ ಹೊತ್ತು ಹಂಡೆ ತುಂಬೂದೂ ನಮ್ಮದ.

ಆ ಹಂಡೆಗೆ ಮರ್ಯಾದಿನೂ ಇತ್ತು. ದೀಪಾವಳಿ ಮುಂದ ನೀರು ತುಂಬೂ ಹಬ್ಬದ ದಿನ ಹಂಡೆ ತಿಕ್ಕಿ ಥಳಥಳ ಮಾಡಿ, ಕೆಮ್ಮಣ್ಣು ಸುಣ್ಣ ಬಳದು, ಕೊಳ್ಳಿಗೆ ಮಾಲಿಂಗನ ಬಳ್ಳಿ ಕಟ್ಟಿ, ಹೊಸ ನೀರು ತುಂಬಿ ಪೂಜಿ ಮಾಡ್ತಿದ್ವಿ. ಮರುದಿನ ನಸುಕಿನ್ಯಾಗ ಎಲ್ಲಾರಿಗೂ ಎಣ್ಣಿ ನೀರು. ಬಾಣಂತಿ ಇದ್ದ ಮನ್ಯಾಗಂತೂ ಆ ಒಲಿ ಆರೂದ ಇಲ್ಲ.

ಜಳಕಕ್ಕ ಒಂದು ಪಾಳಿ ಇತ್ತು. ಮೊದಲ ಹಿರ್ಯಾರು, ಆಮ್ಯಾಲೆ ಗಂಡಸರು, ಆಮ್ಯಾಲೆ ಸಾಲಿಗೆ ಹೋಗೂ ಹುಡುಗ್ರು. ನಾಕಕ್ಕ ಎದ್ದು ಒಲಿ ಹೊತ್ತಿಸಿ ಹೊಗಿ ಕುಡದ ಸೊಸಿ ಕಡೀಕ. ಅಕಿ ಪಾಳಿ ಬರೂದ್ರೊಳಗ ಹಂಡೆದಾಗ ಉಗುರುಬೆಚ್ಚಗಿನ ನೀರು ಉಳದಿದ್ರ ಅಕಿ ಪುಣ್ಯ. ಹಳೇದೆಲ್ಲಾ ಬಂಗಾರ ಅನ್ನವರು ಇದನ್ನೂ ನೆನಪು ಇಟ್ಕೋಬೇಕು.

ಹಂಡೆ ಸೋರಿದ್ರ? ಸಣ್ಣ ತೂತಿಗೆ ಸಬಕಾರ ಮೆತ್ತಿ ನಾಕು ದಿನ ದೂಡ್ತಿದ್ರು. ಆಮ್ಯಾಲೆ ಕಂಚಗಾರರ ಕಡೆ ಒಯ್ದು ಬೆಸಿಗಿ ಹಾಕಿಸ್ಕೊಂಡು ಬರ್ತಿದ್ರು. ತಾಮ್ರ ಮೆತ್ತನ ಲೋಹ, ಬೆಸಿಗಿ ಹಿಡೀತೈತಿ. ಅದಕ್ಕ ಒಂದ ಹಂಡೆ ಅತ್ತಿಯಿಂದ ಸೊಸಿಗೆ, ಅಕಿ ಸೊಸಿಗೆ ಅಂತ ಬರ್ತಿತ್ತು.

ಅನುಕೂಲಸ್ಥರ ಮನಿಗೆ ಆಮ್ಯಾಲೆ ಬಂಬ ಬಂತು. ಮರಾಠಿಯವರ ಸೀಮಿ ಸಮೀಪ ನೋಡ್ರಿ, ಹೆಸರೂ ಅವರದ. ನಡುವ ಕೆಂಡ ಹಾಕೂ ಕೊಳವಿ, ಸುತ್ತಲೂ ನೀರು. ಮ್ಯಾಲಿನ ಬಾಯಿಗೆ ಒಂದು ತಂಬಿಗಿ ತಣ್ಣೀರು ಹಾಕಿದ್ರ ಬಿಸಿನೀರು ಹೊರಗ ಬರ್ತಿತ್ತು. ಕಟಗಿ ಕಡಿಮಿ, ಹೊಗಿ ಕಡಿಮಿ.

ಅತ್ತ ಇಂಗ್ಲೆಂಡಿನೊಳಗೂ ಇದ ತ್ರಾಸು ಇತ್ತು. 1868ರಾಗ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಅನ್ನಾಂವ ಗ್ಯಾಸಿನಿಂದ ನೀರು ಕಾಯಿಸೂ ಯಂತ್ರ ಮಾಡಿ ಅದಕ್ಕ 'ಗೀಸರ್' ಅಂತ ಹೆಸರಿಟ್ಟ. ಐಸ್‌ಲ್ಯಾಂಡ್ ದೇಶದಾಗ ಭೂಮಿಯಿಂದ ಬಿಸಿನೀರು ಚಿಮ್ಮೂ ಊಟಿಗೆ ಆ ಹೆಸರು ಐತಿ. ಆದ್ರ ಅವನ ಯಂತ್ರಕ್ಕ ಹೊಗಿ ಹೋಗಾಕ ಕೊಳವಿನ ಇರಲಿಲ್ಲ, ಬಚ್ಚಲಾಗ ಭಾಳ ಅಪಾಯ. 1889ರಾಗ ಅಮೆರಿಕಾದ ಪಿಟ್ಸ್‌ಬರ್ಗ್ ಊರಾಗ ಎಡ್ವಿನ್ ರೂಡ್ ಅನ್ನಾಂವ ನೀರು ತುಂಬಿಟ್ಕೊಂಡು ತನ್ನಷ್ಟಕ್ಕ ತಾನ ಕಾಯೂ ಟಾಕಿ ಮಾಡಿದ. ಇವತ್ತು ನಮ್ಮ ಗ್ವಾಡಿಗೆ ನೇತಾಡೂ ಡಬ್ಬಿ ಅದರ ಮೊಮ್ಮಗಳು.

ನಮ್ಮ ಘಟಪ್ರಭೆಯ ಮ್ಯಾಲೆ ಗೋಕಾಕ ಫಾಲ್ಸಿನಾಗ 1887ರಷ್ಟೊತ್ತಿಗೇ ಕರೆಂಟ್ ಹುಟ್ಟಿತ್ತು ಅಂತಾರ. ಆದ್ರ ಅದ ಹೊಳಿ ದಂಡಿ ಮ್ಯಾಲಿನ ನಮ್ಮ ಬಚ್ಚಲಕ್ಕ ಅದು ಬರಾಕ ನೂರು ವರ್ಷ ಹಿಡೀತು. ಆಲಮಟ್ಟಿ ಡ್ಯಾಮಿನ ಅಡಿಗಲ್ಲು ಬಿದ್ದದ್ದು 1964ರ ಮೇ 22ಕ್ಕ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಲೆ. 2000ದಾಗ ಸುಪ್ರೀಂ ಕೋರ್ಟ್ 519.60 ಮೀಟರ್ ಎತ್ತರಕ್ಕ ಒಪ್ಪಿಗಿ ಕೊಡ್ತು. ಹಿನ್ನೀರು ಏರಿದಂಗ ಹೊಳಿದಂಡಿಯ ಎಷ್ಟೋ ಮನಿ ಮುಳುಗಿದ್ವು, ಮಂದಿ ಪುನರ್ವಸತಿ ಕೇಂದ್ರಕ್ಕ ಹ್ವಾದ್ರು. ಬಾಗಲಾ, ಕಂಬ, ತೊಲಿ ಬಿಚ್ಚಿ ಟ್ರ್ಯಾಕ್ಟರಿನ್ಯಾಗ ಹೇರ್ಕೊಂಡ್ರು. ಬಚ್ಚಲದ ಒಲಿ ಮಾತ್ರ ಬಿಚ್ಚಾಕ ಬರೂದಿಲ್ಲ, ಅದು ಅಲ್ಲೇ ಉಳೀತು. ಹೊಸ ಸಿಮೆಂಟಿನ ಮನ್ಯಾಗ ಹೊಗಿ ಮಾಡಾಕ ಜಾಗಾನೂ ಇಲ್ಲ, ಮನಸೂ ಇಲ್ಲ. ಹಂಡೆ ಮೂಲಿಗೆ ಬಿತ್ತು, ಕೆಲವರು ತೂಕಕ್ಕ ಹಾಕಿದ್ರು. ಮೊದಲ ಬಕೀಟಿಗೆ ಹಾಕೂ ಕಾಯಿಲ್ ಬಂತು, ಆಮ್ಯಾಲೆ ಗೀಸರ್.

ಈಗ ಸೋರೂ ಮಾತಿಗೆ ಬರೂನು. ನೀರು ಕಾದ್ರ ಹಿಗ್ಗತೈತಿ. 25 ಲೀಟರ್ ನೀರನ್ನ 25 ಡಿಗ್ರಿಯಿಂದ 70 ಡಿಗ್ರಿಗೆ ಕಾಸಿದ್ರ ಹೆಚ್ಚುಕಡಿಮಿ ಅರ್ಧ ಲೀಟರ್ ಹೆಚ್ಚಾಕ್ಕೈತಿ. ಹಂಡೆಗೂ ಬಂಬಕ್ಕೂ ಮ್ಯಾಲೆ ಬಾಯಿ ತೆರದಿತ್ತು, ಹಿಗ್ಗಿದ ನೀರು ಮ್ಯಾಲೆ ಏರ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಗೀಸರ್ ಮುಚ್ಚಿದ ಡಬ್ಬಿ. ಅದಕ್ಕ ತಣ್ಣೀರು ಒಳಗ ಹೋಗೂ ಪೈಪಿಗೆ ಒಂದು ಸಣ್ಣ ಹಿತ್ತಾಳಿ ವಾಲ್ವ್ ಇಟ್ಟಾರ. ಕಾಯೂ ಮುಂದ ಅದರಿಂದ ನಾಕು ಹನಿ ಬಿದ್ರ ಅದು ರೋಗಲ್ಲ, ಗೀಸರ್ ಉಸಿರು ಬಿಟ್ಟಂಗ.

ನಮ್ಮ ಬೀಗರ ಮನ್ಯಾಗ ರಿಪೇರಿಗೆ ಬಂದಾಂವ ಒಬ್ಬಾಂವ ಹನಿ ನಿಲ್ಲಸ್ತೀನಿ ಅಂತ ಆ ವಾಲ್ವಿನ ಬಾಯಿಗೇ ಅಂಟು ಮೆತ್ತಿ, ಮುನ್ನೂರು ರೂಪಾಯಿ ತಗೊಂಡು ಹ್ವಾದ. ಹನಿ ನಿಂತಿತ್ತು, ಎಲ್ಲಾರಿಗೂ ಖುಷಿ. ನಾ ನೋಡಿದಾಕಿ ಮೊದಲ ಸ್ವಿಚ್ ಬಂದ್ ಮಾಡಿಸಿ, ಅವತ್ತ ಹೊಸ ವಾಲ್ವ್ ಹಾಕಿಸಿದೆ. ಒಳಗಿನ ಥರ್ಮೋಸ್ಟಾಟ್ ಕೆಟ್ಟು ನೀರು ಕಾಯ್ಕೋತ ಹ್ವಾದ್ರ, ಬಾಯಿ ಮುಚ್ಚಿದ ಗೀಸರ್ ಒಡೀತೈತಿ. ಮಕ್ಕಳು ಜಳಕ ಮಾಡೂ ಕ್ವಾಣಿ ಅದು.

ಸೋರೂದು ಕಂಡ ಕೂಡ್ಲೇ ಸ್ವಿಚ್ ಅಷ್ಟ ಅಲ್ಲ, ಮೇನಿನ್ಯಾಗಿನ ಎಂಸಿಬಿನೂ ಇಳಸ್ರಿ. ಒದ್ದಿ ಕೈಲೆ ಮುಟ್ಟಬ್ಯಾಡ್ರಿ. ನೀರಿನ ಕಾಕ್ ಬಂದ್ ಮಾಡಿ, ಒಣ ಅರಬಿಲೆ ಎಲ್ಲಾ ಒರಸಿ, ಮತ್ತ ಕಾಕ್ ಬಿಟ್ಟು ಹನಿ ಎಲ್ಲಿಂದ ಬರ್ತೈತಿ ನೋಡ್ರಿ. ಪೈಪಿನ ಜೋಡಣಿಯಿಂದ ಬಂದ್ರ ಪೈಪಿನ ತಪ್ಪು, ವಾಷರ್ ಬದಲಿಸಿದ್ರ ಸಾಕು. ವಾಲ್ವಿನಿಂದ ಕಾಯೂ ಮುಂದ ಅಷ್ಟ ಬಂದ್ರ ಸುಮ್ಮನಿರ್ರಿ. ತಣ್ಣಗಿದ್ದಾಗೂ ನಿಲ್ಲದಂಗ ಬಂದ್ರ ವಾಲ್ವ್ ಬದಲಿಸ್ರಿ. ಕರೆಂಟಿನ ವಾಯರ್ ಹೋಗೂ ಮುಚ್ಚಳದ ಕಡಿಂದ ಬಂದ್ರ ಒಳಗಿನ ರಬ್ಬರ್ ಹೋಗೈತಿ. ಅದು ತಿಳದವರ ಕೆಲಸ, ಅವರು ಬರೂತನಕ ಎಂಸಿಬಿ ಏರಿಸಬ್ಯಾಡ್ರಿ. ಟಾಕಿನ ತೂತು ಬಿದ್ದಿದ್ರ ಮಾತ್ರ ಹೊಸದು ತಗೋಬೇಕು. ಇದಕ್ಕ ಬೆಸಿಗಿ ನಡೆಯೂದಿಲ್ಲ.

ಟಾಕಿ ತೂತು ಬೀಳದಂಗ ಒಳಗ ಒಂದು ಮ್ಯಾಗ್ನೀಸಿಯಂ ಸಳಿ ಇರ್ತೈತಿ. ಅದು ತಾ ಸವದು ಟಾಕಿ ಉಳಸ್ತೈತಿ. 1824ರಾಗ ಹಂಫ್ರಿ ಡೇವಿ ಅನ್ನೂ ವಿಜ್ಞಾನಿ ಹಡಗಿನ ತಳದ ತಾಮ್ರದ ತಗಡು ಉಳಸಾಕ ಕಬ್ಬಿಣ, ಸತುವಿನ ತುಂಡು ಹಚ್ಚಿ ಈ ಉಪಾಯ ತೋರಿಸಿದ್ದ. ನಮ್ಮ ಕಲಾದಗಿ, ಲೋಕಾಪುರ, ಬಾಗಲಕೋಟಿ ಸೀಮಿ ಸುಣ್ಣದ ಕಲ್ಲಿನ ನೆಲ, ಬೋರಿನ ನೀರು ಗಡಸು. ಒಳಗ ಸುಣ್ಣ ಕಟ್ತೈತಿ, ಸಳಿ ಸವೀತೈತಿ. ಅದಕ್ಕ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣ ತಗಸಿ, ಸಳಿ ತೋರಸು ಅಂತ ಕೇಳ್ರಿ. ಸಳಿ ಸವದಿದ್ರ ಹೊಸದು ಹಾಕಸ್ರಿ. ಟಾಕಿ ಹೋದ್ರ ಗೀಸರ್ ಹೋದಂಗ.

ಗ್ಯಾಸ್ ಗೀಸರ್ ಇದ್ದವರು ಅದನ್ನ ಬಚ್ಚಲದ ಹೊರಗ ಗಾಳಿ ಆಡೂ ಕಡೆ ಹಾಕಸ್ರಿ. ಅದರ ವಿಷಗಾಳಿಗೆ ವಾಸನಿ ಇಲ್ಲ, ಮಂದಿ ಸತ್ತದ್ದು ಪೇಪರಿನ್ಯಾಗ ಓದೇವಿ.

ನನಗ ಗೀಸರಿನ ಮ್ಯಾಲೆ ಸಿಟ್ಟಿಲ್ಲ. ಅರ್ಧ ತಾಸಿನೊಳಗ ಮತ್ತೊಂದು ಟಾಕಿ ಕಾಯ್ತೈತಿ, ಕಡೀ ಪಾಳಿಯ ಸೊಸಿಗೂ ಸುಡು ಸುಡು ನೀರು ಸಿಗತಾವ. ಆದ್ರ ಹಂಡೆ ಇದ್ದಾಗ ಅದರ ಗುಣ ನಮಗ ಗೊತ್ತಿತ್ತು, ಯಾರನ್ನೂ ಕೇಳ್ತಿರಲಿಲ್ಲ. ಗೀಸರಿನ ಗುಣಾನೂ ಹಂಗ ಕಲೀರಿ. ಮನ್ಯಾಗ ಹಂಡೆ ಇನ್ನೂ ಇದ್ರ ತೂಕಕ್ಕ ಹಾಕಬ್ಯಾಡ್ರಿ. ನೀರು ತುಂಬೂ ಹಬ್ಬಕ್ಕ ಗೀಸರಿಗೆ ಬಳ್ಳಿ ಕಟ್ಟಾಕ ಕೊಳ್ಳ ಎಲ್ಲೈತ್ರಿ?