ಅರ್ಜಿಯಲ್ಲ, ನಾಮನಿರ್ದೇಶನ: ಸಂಗೀತ ಪ್ರಶಸ್ತಿಗಳ ನಿಯಮಗಳ ಹಿಂದಿನ ಕಥೆ

ಚನ್ನಗಿರಿಯ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. "ಸಾರ್, ನಮ್ಮೂರಿನ ಸೋಬಾನೆ ಹಾಡುವ ಅಜ್ಜಿಗೆ ದೆಹಲಿಯ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬರಬೇಕಾದರೆ ಅರ್ಜಿ ಎಲ್ಲಿ ಹಾಕಬೇಕು?" ಅರ್ಜಿ ಹಾಕುವ ಪದ್ಧತಿ ಅಲ್ಲಿ ಇಲ್ಲ, ಬೇರೆಯವರು ಹೆಸರು ಸೂಚಿಸಬೇಕು ಎಂದೆ. "ಆ ಬೇರೆಯವರು ಯಾರು ಸಾರ್?" ಎಂದು ಆತ ಮರುಪ್ರಶ್ನೆ ಹಾಕಿದ. ದೂರವಾಣಿಯಲ್ಲಿ ಎರಡು ಮಾತಿನಲ್ಲಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅರಸರ ಕಾಲದಲ್ಲಿ ಈ ತೊಡಕು ಇರಲಿಲ್ಲ. ಮೈಸೂರಿನ ಅರಮನೆಯಲ್ಲಿ ವಿದ್ವಾಂಸರು ಹಾಡಿದರೆ ಮಹಾರಾಜರೇ ಕೇಳುತ್ತಿದ್ದರು, ಮೆಚ್ಚಿದರೆ ಖಿಲ್ಲತ್ತು ಕೊಡುತ್ತಿದ್ದರು, ಆಸ್ಥಾನ ವಿದ್ವಾಂಸರನ್ನಾಗಿ ನೇಮಿಸುತ್ತಿದ್ದರು. ಕೇಳುವವನೂ ಕೊಡುವವನೂ ಒಬ್ಬನೇ. ಸ್ವಾತಂತ್ರ್ಯಾನಂತರ ಕೊಡುವವರು ಸರ್ಕಾರವಾದರು. ಸರ್ಕಾರಕ್ಕೆ ಸ್ವಂತ ಕಿವಿ ಇಲ್ಲ, ಯಾರೋ ಕೇಳಿ ಹೇಳಬೇಕು. ನಾಮನಿರ್ದೇಶನ ಎಂಬ ವ್ಯವಸ್ಥೆ ಹುಟ್ಟಿದ್ದು ಈ ಅಗತ್ಯದಿಂದ ಎಂದು ನಾನು ತಿಳಿದಿದ್ದೇನೆ.

ಸಂಗೀತ ನಾಟಕ ಅಕಾಡೆಮಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ 1952ರ ನಿರ್ಣಯದ ಮೂಲಕ ಸ್ಥಾಪಿಸಲಾಯಿತು. 1953ರ ಜನವರಿ 28ರಂದು ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು ಅದನ್ನು ಉದ್ಘಾಟಿಸಿದರು. ನ್ಯಾಯಮೂರ್ತಿ ಪಿ. ವಿ. ರಾಜಮನ್ನಾರ್ ಮೊದಲ ಅಧ್ಯಕ್ಷರು. ಪ್ರಾರಂಭದ ಪ್ರಶಸ್ತಿಗಳು ಯಾರಿಗೆ ಸಂದವೆಂಬುದನ್ನು ಗಮನಿಸಿದರೆ ಆಗಿನ ದೃಷ್ಟಿ ತಿಳಿಯುತ್ತದೆ: ಅರಿಯಕುಡಿ ರಾಮಾನುಜ ಅಯ್ಯಂಗಾರ್, ಕಾರೈಕುಡಿ ಸಾಂಬಶಿವ ಅಯ್ಯರ್, ಉಸ್ತಾದ್ ಅಲ್ಲಾವುದ್ದೀನ್ ಖಾನ್, ಉಸ್ತಾದ್ ಮುಷ್ತಾಕ್ ಹುಸೇನ್ ಖಾನ್. ದಕ್ಷಿಣಕ್ಕೆ ಗಾಯನ ಒಂದು, ವಾದನ ಒಂದು, ಉತ್ತರಕ್ಕೂ ಹಾಗೆಯೇ. ನಾಲ್ಕು ಮನೆಗಳ ಚೌಕಾಬಾರದಂತಹ ಈ ವಿಂಗಡಣೆ ಬಹುಕಾಲ ಸಂಗೀತ ವಿಭಾಗದ ತಳಹದಿಯಾಗಿಯೇ ಉಳಿಯಿತು. ನೃತ್ಯ, ನಾಟಕ, ಸಾಂಪ್ರದಾಯಿಕ ಮತ್ತು ಜಾನಪದ ಕಲೆ ಮುಂತಾದವು ಒಂದೊಂದಾಗಿ ಸೇರಿಕೊಂಡವು. ನಮ್ಮವರಲ್ಲಿ ಪಿಟೀಲು ಚೌಡಯ್ಯನವರಿಗೆ 1957ರಲ್ಲಿ, ಮಲ್ಲಿಕಾರ್ಜುನ ಮನ್ಸೂರರಿಗೆ 1971ರಲ್ಲಿ, ಗಂಗೂಬಾಯಿ ಹಾನಗಲ್ಲರಿಗೆ 1973ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಗಂಗೂಬಾಯಿಯವರಿಗೆ ಅದಕ್ಕೆ ಎರಡು ವರ್ಷ ಮೊದಲೇ ಪದ್ಮಭೂಷಣ ದೊರೆತಿತ್ತು ಎಂಬುದು ಸ್ವಾರಸ್ಯದ ಸಂಗತಿ. ದೊಡ್ಡ ಗೌರವ ಮೊದಲು ಬಂದು ತಜ್ಞರ ಗೌರವ ತಡವಾಗಿ ಬಂದಿದೆ!

ಅಕಾಡೆಮಿಯ ನಿಯಮಗಳು ಮೇಲುನೋಟಕ್ಕೆ ಸರಳವೇ. ಪ್ರಶಸ್ತಿಗೆ ಸಾಮಾನ್ಯವಾಗಿ 35 ವರ್ಷ ತುಂಬಿರಬೇಕು. ಅಕಾಡೆಮಿ ರತ್ನ ಎಂದು ಕರೆಯುವ ಫೆಲೋಶಿಪ್ಪಿಗೆ 50 ತುಂಬಿರಬೇಕು, ಏಕಕಾಲದಲ್ಲಿ ಜೀವಂತವಾಗಿರುವ ರತ್ನರ ಸಂಖ್ಯೆ 40ನ್ನು ಮೀರುವಂತಿಲ್ಲ. ಮರಣೋತ್ತರವಾಗಿ ಕೊಡುವುದಿಲ್ಲ. ಹೆಸರು ಸೂಚಿಸುವವರು ಅಕಾಡೆಮಿಯ ಮಹಾಮಂಡಳಿಯ ಸದಸ್ಯರು, ಹಿಂದೆ ಗೌರವ ಪಡೆದವರು, ರಾಜ್ಯ ಸರ್ಕಾರಗಳು, ರಾಜ್ಯದ ಅಕಾಡೆಮಿಗಳು, ಮಾನ್ಯತೆ ಪಡೆದ ಸಂಸ್ಥೆಗಳು. ಕಿರಿಯರಿಗಾಗಿ 2006ರಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ ಆರಂಭವಾಯಿತು.

ಈಗ ಆ ಪಟ್ಟಿಯನ್ನು ಮತ್ತೊಮ್ಮೆ ಓದಿ. ಹಿಂದೆ ಗೌರವ ಪಡೆದವರು ಹೆಸರು ಸೂಚಿಸಬಹುದು. ಹಾಗಾದರೆ ಯಾವ ಸೀಮೆಯಲ್ಲಿ ಪ್ರಶಸ್ತಿ ಪಡೆದವರು ಹೆಚ್ಚಿದ್ದಾರೋ ಆ ಸೀಮೆಗೆ ಸೂಚಕರೂ ಹೆಚ್ಚು. ಧಾರವಾಡಕ್ಕೆ, ಮೈಸೂರಿಗೆ, ಬೆಂಗಳೂರಿಗೆ ಈ ಅನುಕೂಲ ಇದೆ. ಗುರುವಿಗೆ ಬಂದಿರುತ್ತದೆ, ಗುರು ಶಿಷ್ಯನ ಹೆಸರು ಹೇಳುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಜಗಳೂರಿನ ಹಟ್ಟಿಯಲ್ಲಿ ಗಣೆ ಊದುವ ಕಾಡುಗೊಲ್ಲನಿಗೆ, ನ್ಯಾಮತಿಯ ತಾಂಡಾದಲ್ಲಿ ಹಾಡುವ ಲಂಬಾಣಿ ಹೆಣ್ಣುಮಗಳಿಗೆ ಆ ಗುರುಪರಂಪರೆಯ ಏಣಿ ಎಲ್ಲಿಂದ ಬರಬೇಕು? ಜುಂಜಪ್ಪನ ಕಾವ್ಯವನ್ನು ಆತ ಕಲಿತದ್ದು ತನ್ನ ತಂದೆಯಿಂದ ಅಥವಾ ಸೋದರಮಾವನಿಂದ. ಆ ತಂದೆಯ ಹೆಸರು ಯಾವ ಕಡತದಲ್ಲಿಯೂ ಇಲ್ಲ.

ಆಕಾಶವಾಣಿಯನ್ನೂ ಇಲ್ಲಿ ನೆನೆಯಬೇಕು. ಕಲಾವಿದನ ಅರ್ಹತೆಯನ್ನು ದರ್ಜೆ ಹಾಕಿ ಅಳೆಯುವ ಪದ್ಧತಿಯನ್ನು ನಮ್ಮಲ್ಲಿ ಊರೂರಿಗೆ ಪರಿಚಯಿಸಿದ್ದು ಅದೇ. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ. ವಿ. ಕೇಸ್ಕರರ ಕಾಲದಲ್ಲಿ ಧ್ವನಿಪರೀಕ್ಷೆ ಬಿಗಿಯಾಯಿತು. 'ಬಿ', 'ಬಿ ಹೈ', 'ಎ', 'ಟಾಪ್' ಎಂಬ ದರ್ಜೆಗಳು ಇಂದಿಗೂ ಕಲಾವಿದರ ಪರಿಚಯಪತ್ರದ ಮೊದಲ ಸಾಲಿನಲ್ಲಿ ರಾರಾಜಿಸುತ್ತವೆ. ಇದರ ಜೊತೆಗೆ ಹಾರ್ಮೋನಿಯಂ ಮೇಲಿನ ನಿಷೇಧ! ಈ ವಾದ್ಯದಲ್ಲಿ ಗಮಕ ನುಡಿಯದು, ಶ್ರುತಿ ಭಾರತೀಯವಲ್ಲ ಎಂದು 1940ರಲ್ಲಿ ಬಾನುಲಿಯಿಂದ ಅದನ್ನು ಹೊರಗೆ ಹಾಕಿದರು. ಮೂರು ದಶಕಗಳ ಕಾಲ ಅದು ಒಳಗೆ ಬರಲಿಲ್ಲ. ಅದೇ ಮೂರು ದಶಕಗಳಲ್ಲಿ ನಮ್ಮ ಹೊನ್ನಾಳಿ, ಚನ್ನಗಿರಿಗಳ ಭಜನಾ ಮಂದಿರಗಳಲ್ಲಿ, ಕಂಪನಿ ನಾಟಕಗಳ ರಂಗದ ಮುಂದೆ, ಬಯಲಾಟದ ಅಟ್ಟದ ಮೇಲೆ ಹಾರ್ಮೋನಿಯಂ ಮಾಸ್ತರರೇ ಸಂಗೀತದ ಅರಸರಾಗಿದ್ದರು. ಒಂದು ಹೋಬಳಿಯ ಜನಕ್ಕೆ ರಾಗದ ಹೆಸರು ಕಲಿಸಿದ ಮನುಷ್ಯ ದೇಶದ ದೃಷ್ಟಿಯಲ್ಲಿ ವಾದಕನೇ ಅಲ್ಲ! ನಿಯಮವನ್ನು ಮಾಡಿದವರಿಗೆ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಅವರಿಗೆ ಆ ಅಟ್ಟ ಕಾಣಿಸಿರಲಿಲ್ಲ, ಅಷ್ಟೆ.

ಅರ್ಹತೆಯ ಎರಡನೆಯ ಗಂಟು ವಿಭಾಗ. ಹಾಡುವ ಅಜ್ಜಿ 'ಸಂಗೀತ'ದವಳೋ 'ಜಾನಪದ'ದವಳೋ? ಕಡತ ಅವಳನ್ನು ಎರಡನೆಯ ಕೋಣೆಗೆ ಕಳುಹಿಸುತ್ತದೆ. ಅಲ್ಲಿ ಆಕೆ ಕುಣಿತ, ಬೊಂಬೆಯಾಟ, ಬಯಲಾಟಗಳೊಂದಿಗೆ ಸ್ಪರ್ಧಿಸಬೇಕು. ಇನ್ನೊಂದು ಕಡೆ ಅಕಾಡೆಮಿಯಲ್ಲಿ 'ಸೃಜನಶೀಲ ಮತ್ತು ಪ್ರಾಯೋಗಿಕ ಸಂಗೀತ' ಎಂಬ ವಿಭಾಗವೂ ಉಂಟು. ವನರಾಜ್ ಭಾಟಿಯಾ ಅವರಿಗೆ 1989ರಲ್ಲಿ, ಇಳಯರಾಜ ಅವರಿಗೆ 2012ರಲ್ಲಿ ಗೌರವ ಸಂದದ್ದು ಈ ವಿಭಾಗದಲ್ಲಿ. ಸಮಕಾಲೀನ ಸಂಗೀತವೆಂದರೆ ವಾದ್ಯಮೇಳ, ಸ್ವರಸಂಯೋಜನೆ, ಬರೆದಿಟ್ಟ ಸ್ವರಲಿಪಿ ಎಂಬ ಭಾವನೆ ಇದರ ಹಿಂದಿದೆ. ಆದರೆ ನಮ್ಮ ಕಡೆಯ ಸೋಬಾನೆಯಲ್ಲಿ ಭದ್ರಾ ನಾಲೆ ಬಂದದ್ದು, ಮದುಮಗ ಬೈಕಿನಲ್ಲಿ ಬಂದದ್ದು ಎಲ್ಲವೂ ಹಾಡಿನೊಳಗೆ ಬಂದು ಕೂತಿವೆ. ಹಾಡುವಾಗಲೇ ಕಟ್ಟುವುದು, ಕಟ್ಟುವಾಗಲೇ ಹಾಡುವುದು. ಇದಕ್ಕಿಂತ ಸಮಕಾಲೀನವಾದದ್ದು ಇನ್ನಾವುದು?

ಈ ಜಗಳ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಪುಲಿಟ್ಜರ್ ಸಂಗೀತ ಪ್ರಶಸ್ತಿ 1943ರಲ್ಲಿ ಮೊದಲು ವಿಲಿಯಂ ಶೂಮನ್ ಎಂಬ ಸಂಯೋಜಕರಿಗೆ ಸಂದಿತು. ಅಲ್ಲಿ ಹೆಸರನ್ನು ಇತರರೇ ಸೂಚಿಸಬೇಕೆಂಬ ಕಟ್ಟುಪಾಡಿಲ್ಲ. ಶುಲ್ಕ ಕಟ್ಟಿ ಸಂಯೋಜಕನೇ ಕೃತಿಯನ್ನು ಸಲ್ಲಿಸಬಹುದು. ಆದರೆ ದಶಕಗಳ ಕಾಲ ಅದು ಬರೆದಿಟ್ಟ ಸಂಗೀತದ ಪ್ರಶಸ್ತಿಯಾಗಿತ್ತು. 1965ರಲ್ಲಿ ತೀರ್ಪುಗಾರರು ಜಾಝ್ ಸಂಗೀತದ ಡ್ಯೂಕ್ ಎಲಿಂಗ್ಟನ್‌ರಿಗೆ ವಿಶೇಷ ಗೌರವ ಕೊಡಬೇಕೆಂದು ಸೂಚಿಸಿದರೂ ಮಂಡಳಿ ಒಪ್ಪಲಿಲ್ಲ. ಇಬ್ಬರು ತೀರ್ಪುಗಾರರು ರಾಜೀನಾಮೆ ಕೊಟ್ಟರು, ಆ ವರ್ಷ ಸಂಗೀತಕ್ಕೆ ಪ್ರಶಸ್ತಿಯೇ ಇಲ್ಲವಾಯಿತು. ಎಲಿಂಗ್ಟನ್‌ರಿಗೆ ಆ ಗೌರವ ದೊರೆತದ್ದು 1999ರಲ್ಲಿ, ಅವರು ತೀರಿಕೊಂಡು ಕಾಲು ಶತಮಾನ ಕಳೆದ ಮೇಲೆ. ಸ್ವರಲಿಪಿಯ ಬಿಗಿಯನ್ನು 2004ರಲ್ಲಿ ಸಡಿಲಿಸಿದರು, 2018ರಲ್ಲಿ ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪ್ ಗಾಯಕನಿಗೆ ಪ್ರಶಸ್ತಿ ಬಂತು. ನಿಯಮದ ಒಂದು ಪದ ಬದಲಾಗುವುದಕ್ಕೆ ಅಷ್ಟು ಶ್ರೀಮಂತ ದೇಶಕ್ಕೂ ಅರವತ್ತು ವರ್ಷ ಬೇಕಾಯಿತು.

ನಮ್ಮ ರಾಜ್ಯೋತ್ಸವ ಪ್ರಶಸ್ತಿಯ ಕಥೆ ಬೇರೆ ಬಗೆಯದು. 1966ರಿಂದ ಕೊಡುತ್ತಿರುವ ಈ ಪ್ರಶಸ್ತಿಗೆ ಸಂಖ್ಯೆಯ ಮಿತಿ ಇಲ್ಲದೆ ಒಂದು ಕಾಲದಲ್ಲಿ ಪಟ್ಟಿ ನೂರೈವತ್ತನ್ನು ದಾಟಿದ್ದೂ ಉಂಟು. ಟೀಕೆ ಹೆಚ್ಚಿದ ಮೇಲೆ ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟೇ ಪ್ರಶಸ್ತಿ ಎಂಬ ಜಾಣ ಸೂತ್ರ ಬಂತು. 2015ರಲ್ಲಿ 60, 2023ರಲ್ಲಿ 68, 2025ರಲ್ಲಿ 70. ಸಾಧಕರಿಗೆ ಸಾಮಾನ್ಯವಾಗಿ 60 ವರ್ಷ ತುಂಬಿರಬೇಕು ಎಂಬ ನಿಯಮವೂ ಸೇರಿತು. ಕರ್ನಾಟಕ ಜಾನಪದ ಅಕಾಡೆಮಿ ತನ್ನ ವಾರ್ಷಿಕ ಗೌರವವನ್ನು ಜಿಲ್ಲೆಗೊಬ್ಬರಂತೆ ಹಂಚುವ ಕ್ರಮವನ್ನು ಇಟ್ಟುಕೊಂಡಿದೆ. ಇದು ನಮ್ಮಂಥ ಸೀಮೆಗೆ ಒಳ್ಳೆಯದು ಎಂಬುದೇ ನನ್ನ ಅಭಿಪ್ರಾಯ. ಆದರೆ ಇದರಲ್ಲೊಂದು ಸೂಕ್ಷ್ಮವಿದೆ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಮಲೆನಾಡ ಸೆರಗಿನ ಡೊಳ್ಳು, ತುಂಗಭದ್ರೆಯ ದಡದ ಭಜನೆ, ಸೂರಗೊಂಡನಕೊಪ್ಪದ ಸೇವಾಲಾಲರ ಜಾತ್ರೆಯಲ್ಲಿ ಕೇಳುವ ಲಂಬಾಣಿ ಹಾಡು, ಜಗಳೂರಿನ ಬಯಲುಸೀಮೆಯ ಗಣೆ, ಇವೆಲ್ಲ ಒಂದೇ ಸಾಲಿನಲ್ಲಿ ನಿಂತು ಒಂದೇ ಸ್ಥಾನಕ್ಕೆ ಕಾಯತೊಡಗಿದವು.

ಮೂರನೆಯ ಗಂಟು ವಯಸ್ಸಿನದು. ಇದನ್ನು ಮೇಷ್ಟರಾಗಿದ್ದವನು ಚೆನ್ನಾಗಿ ಬಲ್ಲ. ನಮ್ಮ ತಲೆಮಾರಿನವರ ಹುಟ್ಟಿದ ದಿನಗಳನ್ನು ಎಣಿಸಿದರೆ ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆ. ಶಾಲೆಗೆ ಸೇರಿಸುವಾಗ ಮೇಷ್ಟರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಐದು ವರ್ಷ ಹತ್ತು ತಿಂಗಳು ತುಂಬಿದೆ ಎಂದು ಬರೆದುಕೊಂಡ ಪರಿಣಾಮ ಅದು. ಶಾಲೆಯ ಮೆಟ್ಟಿಲನ್ನೇ ಹತ್ತದ ಹೆಣ್ಣುಮಕ್ಕಳಿಗೆ ಆ ಜೂನ್ ಒಂದೂ ಇಲ್ಲ. ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ಹಾಡುಗಾರ್ತಿಯ ಪರವಾಗಿ ನಮೂನೆ ತುಂಬಲು ನಾನು ಕುಳಿತಿದ್ದೆ. ವಯಸ್ಸು ಕೇಳಿದರೆ, "ಭದ್ರಾ ಡ್ಯಾಮು ಕಟ್ಟೋವಾಗ ನಾನು ದನ ಕಾಯ್ತಿದ್ದೆ ಮೇಷ್ಟ್ರೇ, ನೀವೇ ಲೆಕ್ಕ ಹಾಕ್ಕಳ್ರಿ" ಎಂದರು. ಇತಿಹಾಸ ಪಾಠ ಮಾಡಿದವನಿಗೆ ಲೆಕ್ಕ ಕಷ್ಟವಲ್ಲ. ಅಣೆಕಟ್ಟಿನ ಕೆಲಸ 1940ರ ದಶಕದ ಕೊನೆಯಿಂದ 60ರ ದಶಕದವರೆಗೆ ನಡೆಯಿತು. ಆಕೆಗೆ ಎಪ್ಪತ್ತು ದಾಟಿರಲೇಬೇಕು. ಗುರುತಿನ ಚೀಟಿಯಲ್ಲಿ ಮಾತ್ರ ಐವತ್ತೆಂಟು ಎಂದಿತ್ತು. ಮುಂದಿನ ಅಂಕಣದಲ್ಲಿ ಪ್ರಮುಖ ಕಾರ್ಯಕ್ರಮಗಳ ವಿವರ, ಪತ್ರಿಕಾ ವರದಿ, ಪ್ರಶಂಸಾಪತ್ರ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಆಕೆ ಹಾಡದ ಮದುವೆಯೇ ಇರಲಿಲ್ಲ, ಆದರೆ ಮದುವೆಮನೆಯವರು ಪ್ರಶಂಸಾಪತ್ರ ಕೊಡುವುದಿಲ್ಲ, ಎಲೆ ಅಡಿಕೆ, ಕುಪ್ಪಸದ ಕಣ ಕೊಡುತ್ತಾರೆ. ನಮೂನೆ ಕಚೇರಿಯಿಂದ 'ದಾಖಲೆ ಅಪೂರ್ಣ' ಎಂಬ ಷರಾದೊಂದಿಗೆ ಮರಳಿತು. ಗುಮಾಸ್ತರು ನಿಯಮದಂತೆಯೇ ನಡೆದುಕೊಂಡಿದ್ದರು, ಅವರನ್ನು ದೂರುವಂತಿಲ್ಲ. ಎರಡು ವರ್ಷದ ಬಳಿಕ ಆಕೆ ತೀರಿಕೊಂಡರು.

ಯಾರಾದರೂ ಕೇಳಿ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗಳೂರಿನ ಪಕ್ಕದ ಸೀಮೆಯಲ್ಲಿಯೇ ನಿದರ್ಶನವಿದೆ. ಚಳ್ಳಕೆರೆ ಕಡೆಯ ಕಾಡುಗೊಲ್ಲರ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳನ್ನು ಸಂಗ್ರಹಿಸಿ ನಾಡಿಗೆ ಪರಿಚಯಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಆಕೆಯನ್ನು ಹುಡುಕಿಕೊಂಡು ಬಂತು. ಆ ಸೀಮೆಯಲ್ಲಿ ಇನ್ನೆಷ್ಟು ಸಿರಿಯಜ್ಜಿಯರಿದ್ದರೋ, ಹನೂರರು ಮಾತ್ರ ಒಬ್ಬರೇ.

ಪದ್ಮ ಪ್ರಶಸ್ತಿಗಳ ವಿಷಯವನ್ನು ಹೇಳದೆ ಇದು ಮುಗಿಯದು. 1954ರಲ್ಲಿ ಪದ್ಮವಿಭೂಷಣವನ್ನು ಪಹೇಲಾ ವರ್ಗ, ದೂಸರಾ ವರ್ಗ, ತೀಸರಾ ವರ್ಗ ಎಂದು ಮೂರು ದರ್ಜೆಗಳಲ್ಲಿ ಆರಂಭಿಸಿ, 1955ರಲ್ಲಿ ಈಗಿನ ಹೆಸರುಗಳನ್ನು ಕೊಟ್ಟರು. ಜನತಾ ಸರ್ಕಾರ 1977ರಲ್ಲಿ ಇವನ್ನು ನಿಲ್ಲಿಸಿತು, 1980ರಲ್ಲಿ ಮತ್ತೆ ಬಂದವು. 1990ರ ದಶಕದಲ್ಲಿ ನ್ಯಾಯಾಲಯದ ವ್ಯಾಜ್ಯದಿಂದ ಮತ್ತೆ ಕೆಲವು ವರ್ಷ ನಿಂತವು. ಇವು ಬಿರುದುಗಳಲ್ಲ, ಆದ್ದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1995ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. (ನಮ್ಮ ಊರುಗಳ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಈ ತೀರ್ಪನ್ನು ಓದಿದಂತೆ ಕಾಣುವುದಿಲ್ಲ.) ದೊಡ್ಡ ಬದಲಾವಣೆ ಆದದ್ದು 2016ರಿಂದ ಈಚೆಗೆ, ಅಂತರ್ಜಾಲದ ಮೂಲಕ ಯಾವ ನಾಗರಿಕನಾದರೂ ಹೆಸರು ಸೂಚಿಸಬಹುದು ಎಂದಾದಾಗ, ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳುವುದಕ್ಕೂ ಅವಕಾಶವಿದೆ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಮಂಜಮ್ಮ ಜೋಗತಿಯವರಿಗೆ 2021ರಲ್ಲಿ, ಕೊಪ್ಪಳದ ತೊಗಲುಗೊಂಬೆಯ ಭೀಮವ್ವ ಶಿಳ್ಳೇಕ್ಯಾತರರಿಗೆ 2025ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಪದ್ಮಶ್ರೀ ಬಂದಿದೆ. ಸಂಗೀತ ನಾಟಕ ಅಕಾಡೆಮಿಯೂ ತನ್ನ ಲೋಪವನ್ನು ಸ್ವಲ್ಪ ತುಂಬಿಕೊಂಡಿತೆನ್ನಬೇಕು. ರಾಷ್ಟ್ರಮಟ್ಟದ ಗೌರವವೇ ದೊರೆಯದ, 75 ದಾಟಿದ 84 ಕಲಾವಿದರಿಗೆ 2023ರ ಸೆಪ್ಟೆಂಬರ್ 16ರಂದು ದೆಹಲಿಯಲ್ಲಿ ಅಮೃತ ಪ್ರಶಸ್ತಿಯನ್ನು ಕೊಡಲಾಯಿತು. ಅದು ಒಂದು ಬಾರಿಯ ಏರ್ಪಾಡು.

ಆದ್ದರಿಂದ ನನ್ನ ವಿದ್ಯಾರ್ಥಿಗೆ ಹೀಗೆ ಹೇಳಿದ್ದೇನೆ. ದೆಹಲಿಯ ಅಕಾಡೆಮಿಗೆ ನೀನು ನೇರವಾಗಿ ಬರೆಯುವುದಕ್ಕಿಂತ ಹೆಸರು ಸೂಚಿಸುವ ಅಧಿಕಾರವುಳ್ಳ ಸಂಸ್ಥೆಗೆ ಅಜ್ಜಿಯ ವಿವರ ಕೊಡು. ಪದ್ಮಕ್ಕಾದರೆ ನೀನೇ ಸೂಚಿಸಬಹುದು. ಸಾಧನೆಯನ್ನು 800 ಪದಗಳೊಳಗೆ ಬರೆಯಬೇಕು. ಅದಕ್ಕೂ ಮುನ್ನ ಮೊಬೈಲಿನಲ್ಲಿ ಅಜ್ಜಿಯ ಹಾಡುಗಳನ್ನು ತುಂಬಿಕೋ, ಪ್ರತಿ ಹಾಡಿಗೂ ದಿನಾಂಕ, ಊರು, ಯಾರ ಮನೆಯ ಮದುವೆ ಎಂಬುದನ್ನು ಬರೆದಿಡು. ಗ್ರಾಮ ಪಂಚಾಯಿತಿಯಿಂದ ಒಂದು ದೃಢೀಕರಣ ಪತ್ರ ಪಡೆ. ಗುರುತಿನ ಚೀಟಿಯಲ್ಲಿ ವಯಸ್ಸು ಎಷ್ಟಿದೆ ನೋಡು. ಆತ ನೋಡಿ ಮರುದಿನ ತಿಳಿಸಿದ: ಜನವರಿ ಒಂದು, 1951. ಅಜ್ಜಿಯ ಹಿರಿಯ ಮಗ ಹುಟ್ಟಿದ್ದು 1957ರಲ್ಲಂತೆ.