ಹರಿದ ಭುಜದ ಸ್ನಾಯುರಜ್ಜು: ಕೀಹೋಲ್ ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ?

ಬೆಂಗಳೂರು: ಬಿಟಿಎಂ ಲೇಔಟ್‌ನಲ್ಲೋ ಬನಶಂಕರಿಯಲ್ಲೋ ಸ್ಕೂಟರ್‌ನಿಂದ ಬಿದ್ದವರು, ಮೂಳೆ ಮುರಿದಿಲ್ಲವೆಂದು ಎಕ್ಸ್‌-ರೇ ತೋರಿಸಿದೊಡನೆ ನಿರಾಳರಾಗುತ್ತಾರೆ. ಆದರೆ ಎಕ್ಸ್‌-ರೇಯಲ್ಲಿ ಸ್ನಾಯುರಜ್ಜು ಕಾಣಿಸುವುದಿಲ್ಲ. ಎರಡು ವಾರ ಕಳೆದರೂ ತೋಳನ್ನು ಪಕ್ಕಕ್ಕೆ ಎತ್ತಲಾಗದೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ ನರಳುತ್ತಿದ್ದರೆ 'ರೊಟೇಟರ್ ಕಫ್' ಹರಿದಿರುವ ಸಾಧ್ಯತೆಯನ್ನು ಪರಿಶೀಲಿಸಲೇಬೇಕು.

ಭುಜದ ಕೀಲಿನ ಬಟ್ಟಲು ಆಳವಿಲ್ಲದ್ದು. ತೋಳಿನ ಮೂಳೆಯ ತಲೆಯನ್ನು ಅದರಲ್ಲಿ ಹಿಡಿದಿಡುವುದರಲ್ಲಿ ನಾಲ್ಕು ಸ್ನಾಯುಗಳ ಪಾತ್ರ ಮುಖ್ಯ: ಸುಪ್ರಾಸ್ಪಿನೇಟಸ್, ಇನ್‌ಫ್ರಾಸ್ಪಿನೇಟಸ್, ಟೆರಿಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಇವುಗಳ ತುದಿಯ ರಜ್ಜುಗಳು ಅಂಗಿತೋಳಿನ ಪಟ್ಟಿಯಂತೆ ಮೂಳೆಯನ್ನು ಸುತ್ತಿಕೊಂಡಿರುವುದರಿಂದಲೇ 'ಕಫ್' ಎಂಬ ಹೆಸರು. ಹೆಚ್ಚಾಗಿ ಹರಿಯುವುದು ಮೇಲ್ಭಾಗದ ಸುಪ್ರಾಸ್ಪಿನೇಟಸ್.

ಭುಜ ನೋವೆಂದರೆಲ್ಲ 'ಫ್ರೋಜನ್ ಶೋಲ್ಡರ್' ಎಂದುಕೊಳ್ಳುವ ರೂಢಿ ನಗರದಲ್ಲಿದೆ. ಮಧುಮೇಹಿಗಳಲ್ಲಿ ಆ ತೊಂದರೆ ಹೆಚ್ಚೆಂಬುದೂ ನಿಜ. ಆದರೆ ಎರಡೂ ಒಂದೇ ಅಲ್ಲ. ಫ್ರೋಜನ್ ಶೋಲ್ಡರ್ ಆದವರ ತೋಳನ್ನು ಬೇರೆಯವರು ಎತ್ತಲು ಯತ್ನಿಸಿದರೂ ಅದು ಪೂರ್ತಿ ಮೇಲೇಳದು, ಕೀಲೇ ಬಿಗಿದಿರುತ್ತದೆ. ರಜ್ಜು ಹರಿದವರ ತೋಳು ಬೇರೆಯವರ ಆಸರೆಯಿಂದ ಸಾಮಾನ್ಯವಾಗಿ ಏಳುತ್ತದೆ. ತಾವಾಗಿ ಎತ್ತುವ ಬಲ ಮಾತ್ರ ಇರುವುದಿಲ್ಲ. ಖಚಿತಪಡಿಸಿಕೊಳ್ಳಲು ಮೂಳೆತಜ್ಞರ ಪರೀಕ್ಷೆಯೊಂದಿಗೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಅಗತ್ಯ.

ರಂಧ್ರದ ಮೂಲಕ ಹೊಲಿಗೆ

ಅಮೆರಿಕದ ಬಾಸ್ಟನ್‌ನ ವೈದ್ಯ ಅರ್ನೆಸ್ಟ್ ಕಾಡ್‌ಮನ್, ಹರಿದ ಸುಪ್ರಾಸ್ಪಿನೇಟಸ್ ರಜ್ಜನ್ನು ಹೊಲಿದ ಕುರಿತು 1911ರಲ್ಲಿಯೇ ಬರೆದಿದ್ದರು. ಆಗ ಭುಜವನ್ನು ತೆರೆದೇ ಹೊಲಿಯಬೇಕಿತ್ತು. ಕೀಲಿನೊಳಗೆ ನಳಿಕೆ ತೂರಿಸಿ ನೋಡುವ ವಿದ್ಯೆಯನ್ನು ಮಂಡಿಯ ಮೇಲೆ ಬೆಳೆಸಿದವರಲ್ಲಿ ಜಪಾನಿನ ಕೆಂಜಿ ತಕಾಗಿ ಮತ್ತು ಮಸಾಕಿ ವತನಾಬೆ ಪ್ರಮುಖರು. ಭುಜದ ಸರದಿ ಬಂದದ್ದು ಅನಂತರ.

ಈಗಿನ ವಿಧಾನದಲ್ಲಿ ಒಂದು ಸೆಂಟಿಮೀಟರಿಗೂ ಕಿರಿದಾದ ಕೆಲವು ರಂಧ್ರಗಳು ಸಾಕು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣಗಳು. ಸಲೈನ್ ಹರಿಸಿ ಒಳಜಾಗವನ್ನು ಹಿಗ್ಗಿಸಲಾಗುತ್ತದೆ. ಮೂಳೆಗೆ 'ಆ್ಯಂಕರ್' ಎಂಬ ಪುಟ್ಟ ಗೂಟಗಳನ್ನು ನೆಟ್ಟು, ಅವುಗಳಿಗೆ ಕಟ್ಟಿರುವ ದಾರವನ್ನು ರಜ್ಜಿನ ಮೂಲಕ ಹಾಯಿಸಿ, ಅದನ್ನು ಮೊದಲಿನ ಜಾಗಕ್ಕೆ ಎಳೆದು ಬಿಗಿಯಲಾಗುತ್ತದೆ. ಆ್ಯಂಕರ್‌ಗಳು ಟೈಟಾನಿಯಂನವೂ ಆಗಿರಬಹುದು, ದೇಹದಲ್ಲಿ ಕರಗುವಂಥವೂ ಆಗಿರಬಹುದು.

ಎಲ್ಲರಿಗೂ ಬೇಕೇ?

ಬೇಡ. ಅರವತ್ತು ದಾಟಿದ ಅನೇಕರಲ್ಲಿ ನೋವೇ ಇಲ್ಲದೆ ರಜ್ಜು ಸವೆದು ಹರಿದಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಅದು ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಿಲ್ಲ. ಪೆಟ್ಟಿಲ್ಲದೆ ಸುಪ್ರಾಸ್ಪಿನೇಟಸ್ ಹರಿದಿದ್ದ, 55 ವರ್ಷ ಮೀರಿದವರ ಮೇಲೆ ಫಿನ್ಲೆಂಡ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದ ಬಳಿಕ ಫಿಜಿಯೋಥೆರಪಿ ಪಡೆದವರಿಗೂ ಹೊಲಿಗೆ ಹಾಕಿಸಿಕೊಂಡವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ತೆರೆದ ಶಸ್ತ್ರಚಿಕಿತ್ಸೆ ಮತ್ತು ಕೀಹೋಲ್ ವಿಧಾನವನ್ನು ಹೋಲಿಸಿದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು, ಎರಡು ವರ್ಷಗಳ ನಂತರ ಫಲಿತಾಂಶ ಸರಿಸುಮಾರು ಒಂದೇ ಎಂದು ಹೇಳಿತು. ಕಲೆ ಚಿಕ್ಕದೆಂಬ ಕಾರಣಕ್ಕೆ ಗುಣವೂ ಹೆಚ್ಚೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಬಿದ್ದು ಹರಿಸಿಕೊಂಡವರ ಲೆಕ್ಕವೇ ಬೇರೆ. ಪೂರ್ತಿ ಹರಿದ ರಜ್ಜನ್ನು ಬಹುಕಾಲ ಹಾಗೆಯೇ ಬಿಟ್ಟರೆ ಸ್ನಾಯು ಹಿಂದಕ್ಕೆ ಸರಿಯುತ್ತದೆ, ಸೊರಗುತ್ತದೆ, ಅದರೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ. ಹೀಗೆ ಕೊಬ್ಬಾದ ಸ್ನಾಯು, ಹೊಲಿದರೂ ಮೊದಲಿನಂತಾಗುವುದು ಕಷ್ಟ. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕಾಯುವವರು ಕಳೆದುಕೊಳ್ಳುವುದು ಈ ಅವಧಿಯನ್ನೇ.

ನಂತರದ ತಿಂಗಳುಗಳು

ರಂಧ್ರದ ಗಾಯ ಎರಡು ವಾರದೊಳಗೆ ಮಾಯುತ್ತದೆ. ರಜ್ಜು ಮೂಳೆಗೆ ಅಂಟಿಕೊಳ್ಳಲು ಸುಮಾರು ಮೂರು ತಿಂಗಳು ಬೇಕು. ಗುಣವಾಯಿತೆಂದು ಭ್ರಮಿಸಿ ಬಕೆಟ್ ಎತ್ತಿದವರ ಹೊಲಿಗೆ ಕಿತ್ತುಬರುವ ಅಪಾಯವಿರುವುದು ಈ ಅಂತರದಲ್ಲಿಯೇ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಜೋಲಿ. ಬಳಿಕ ಹಂತಹಂತವಾಗಿ ತಾವೇ ತೋಳೆತ್ತುವ ವ್ಯಾಯಾಮ. ಬಲ ಹೆಚ್ಚಿಸುವ ವ್ಯಾಯಾಮ ಮೂರು ತಿಂಗಳ ನಂತರ. ಭಾರದ ಕೆಲಸಕ್ಕೆ, ಆಟಕ್ಕೆ ಮರಳಲು ಆರು ತಿಂಗಳಾದರೂ ಹಿಡಿಯಬಹುದು. ದೊಡ್ಡ ಹರಿತ, ಹೆಚ್ಚಿದ ವಯಸ್ಸು, ಧೂಮಪಾನ, ಹತೋಟಿಯಲ್ಲಿಲ್ಲದ ಮಧುಮೇಹ ಇವೆಲ್ಲ ಮತ್ತೆ ಹರಿಯುವ ಸಂಭವವನ್ನು ಹೆಚ್ಚಿಸುತ್ತವೆ.

ಮೈಸೂರಿನ ವೇಗಿ ಜಾವಗಲ್ ಶ್ರೀನಾಥ್ 1997ರಲ್ಲಿ ಇದೇ ರೊಟೇಟರ್ ಕಫ್ ಗಾಯದಿಂದಾಗಿ ವೆಸ್ಟ್ ಇಂಡೀಸ್ ಪ್ರವಾಸವನ್ನು ಕಳೆದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ತಿಂಗಳುಗಳ ವಿರಾಮದ ನಂತರ ಮರಳಿ, 2003ರ ವಿಶ್ವಕಪ್‌ವರೆಗೂ ಬೌಲ್ ಮಾಡಿದರು. ಅವರಂಥ ಆರೈಕೆ ಎಲ್ಲರಿಗೂ ದಕ್ಕುವುದಿಲ್ಲವೆನ್ನಿ.

ದಕ್ಷಿಣ ಬೆಂಗಳೂರಿನಲ್ಲಿ ಖಾಸಗಿ ಆಸ್ಪತ್ರೆಗಳಲ್ಲದೆ, ಜಯನಗರದ ಭೈರಸಂದ್ರದಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಜಯ್ ಗಾಂಧಿ ಸಂಸ್ಥೆಯೂ ಇದೆ. ಎಲ್ಲಿಗೇ ಹೋಗಲಿ, ಆ್ಯಂಕರ್‌ಗಳ ಬೆಲೆ ಹಾಗೂ ಫಿಜಿಯೋಥೆರಪಿಯ ವೆಚ್ಚ ಪ್ಯಾಕೇಜಿನಲ್ಲಿ ಸೇರಿದೆಯೇ, ವಿಮೆ ಅಥವಾ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಎಷ್ಟು ಸಿಗುತ್ತದೆ ಎಂಬುದನ್ನು ದಾಖಲಾಗುವ ಮುನ್ನವೇ ಬರೆಸಿಕೊಳ್ಳುವುದು ಒಳಿತು. ಎಷ್ಟು ಆ್ಯಂಕರ್ ಬೇಕೆಂಬುದು ಕೆಲವೊಮ್ಮೆ ಕ್ಯಾಮೆರಾ ಒಳಹೊಕ್ಕ ಮೇಲಷ್ಟೇ ಖಚಿತವಾಗುವುದರಿಂದ, ಬಿಲ್ ಅಂದಾಜನ್ನು ಮೀರುವುದು ಹೆಚ್ಚಾಗಿ ಅಲ್ಲಿಯೇ.